ಎರಡು ತಲೆಯ ಹಕ್ಕಿಗೆ ಒಡೆಯರಾರು?

ಕಳೆದ ಮಾಘಮಾಸದಲ್ಲಿ ಮನೆಗೆ ಬಂದಿದ್ದ ನೆಂಟರನ್ನು ಕರೆದುಕೊಂಡು ನಾನು ಬಳ್ಳಿಗಾವೆಗೆ ಹೋಗಿದ್ದೆನು. ಶಿಕಾರಿಪುರದ ಸೀಮೆಯವರಿಗೆ ಇದೇನೂ ಹೊಸ ಸಂಗತಿಯಲ್ಲ. ಊರಿಗೆ ಯಾರು ಬಂದರೂ ಅವರನ್ನು ಮೊದಲು ಹುಚ್ಚರಾಯಸ್ವಾಮಿಯ ಗುಡಿಗೆ, ಅಲ್ಲಿಂದ ತಾಳಗುಂದ ಬಳ್ಳಿಗಾವೆಗಳಿಗೆ ಕರೆದೊಯ್ದು ತೋರಿಸಿಕೊಂಡು ಬರುವುದು ನಮ್ಮ ಕಡೆಯ ಅತಿಥಿಸತ್ಕಾರದಲ್ಲಿ ಸೇರಿಹೋಗಿದೆ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಾಲಯಗಳನ್ನು ನೋಡಿಯಾದ ಮೇಲೆ ನಾವು ಭೇರುಂಡೇಶ್ವರನ ಕಂಬದ ಬಳಿಗೆ ಬಂದೆವು. ನನ್ನ ರೂಢಿಯಂತೆ ನಾನು ಚಾಲುಕ್ಯರ ವಿಚಾರವಾಗಿ ಪೀಠಿಕೆಯನ್ನು ಹಾಕುತ್ತಿರುವಷ್ಟರಲ್ಲಿಯೇ, ಜೊತೆಯಲ್ಲಿದ್ದ ಏಳು ವರ್ಷದ ಹುಡುಗಿಯು ಆ ಮೂರ್ತಿಯನ್ನು ನೋಡಿ, “ಅಜ್ಜಾ, ಇದು ಬಸ್ಸಿನ ಹಕ್ಕಿ! ಆದರೆ ಇದಕ್ಕೆ ಮನುಷ್ಯರ ಕಾಲು ಯಾಕೆ ಬಂದಿದೆ?” ಎಂದು ಕೂಗಿಕೊಂಡಿತು.

ದೊಡ್ಡವರೆಲ್ಲರೂ ನಕ್ಕರು, ನಾನೂ ನಕ್ಕೆನು. ಆದರೆ ಆ ಮಗುವಿನ ಮಾತು ನನ್ನನ್ನು ಅಲ್ಲಿಗೇ ಬಿಡಲಿಲ್ಲ. ಮಗುವು ತಪ್ಪನ್ನೇನೂ ಹೇಳಿರಲಿಲ್ಲ. ಅದು ಆ ರೂಪವನ್ನು ಮೊದಲು ಕಂಡದ್ದು ಸಾರಿಗೆ ನಿಗಮದ ಬಸ್ಸಿನ ಮೇಲೆ. ಕಂಬದ ಮೇಲಿನದು ಅದರ ಪಾಲಿಗೆ ಬಸ್ಸಿನ ಹಕ್ಕಿಯ ವಿಕಾರ. ಮುಂದಿನದು ಹಿಂದಾಗಿ ಹಿಂದಿನದು ಮುಂದಾದ ಈ ಕ್ರಮವನ್ನು ಸರಿಪಡಿಸಬೇಕೆಂದು ನಾನು ಬಾಯಿ ತೆರೆದೆನಾದರೂ, ಹಾಗೆ ಸರಿಪಡಿಸುವ ಅಧಿಕಾರವು ನನಗೆ ಉಂಟೆ ಎಂಬ ಸಂಶಯವು ಒಡನೆಯೇ ಬಂದಿತು. ಆ ಸಂಶಯಕ್ಕೆ ಕಾರಣವಾದ ಒಂದು ಸಂಗತಿಯನ್ನು ಮುಂದೆ ಹೇಳುತ್ತೇನೆ. ಅದು ನನಗೆ ಕೀರ್ತಿಯನ್ನು ತರತಕ್ಕ ಸಂಗತಿಯಲ್ಲ.

ಮೊದಲು ಕಂಬದ ವೃತ್ತಾಂತ. ಕ್ರಿ.ಶ. 1047ರಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಕಾಲದಲ್ಲಿ, ಬನವಾಸಿ ಪನ್ನಿರ್ಛಾಸಿರವನ್ನು ಬಳ್ಳಿಗಾವೆಯಿಂದ ಆಳುತ್ತಿದ್ದ ಮಹಾಮಂಡಲೇಶ್ವರ ಚಾವುಂಡರಾಯನು ಜಗದೇಕಮಲ್ಲೇಶ್ವರ ದೇವಾಲಯದ ಮುಂದೆ ಇದನ್ನು ನಿಲ್ಲಿಸಿದನು. ಸುಮಾರು ಮೂವತ್ತು ಅಡಿಯ ಈ ಕಂಬವು ಬುಡದಲ್ಲಿ ಚೌಕ, ಮೇಲೆ ದುಂಡು. ಅದಕ್ಕೆಂದು ಕಡೆದ ಮೂರ್ತಿಗೆ ಮನುಷ್ಯನ ಮೈ, ಪಕ್ಷಿಯ ಎರಡು ತಲೆ. ಗಂಡಭೇರುಂಡವೆಂಬುದು ಆ ಅರಸನ ಬಿರುದಾಗಿತ್ತು. ಗಂಡನೆಂದರೆ ಇಲ್ಲಿ ಶೂರನೆಂದೇ ಅರ್ಥ. ಮಲೆಪರೊಳ್ ಗಂಡನೆಂದು ಹೊಯ್ಸಳರು ಹೇಳಿಕೊಂಡರಲ್ಲವೆ, ಅದೇ ಗಂಡ. ಹೀಗಿರಲು, ನಮ್ಮ ಪುಣ್ಯಪಕ್ಷಿಯು ಈ ನಾಡಿನಲ್ಲಿ ನಿಂತದ್ದು ಒಬ್ಬ ಮಂಡಲೇಶ್ವರನ ಹೆಸರನ್ನು ಎತ್ತಿ ಸಾರುವುದಕ್ಕಾಗಿ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಜಾಹೀರಾತು. ಕಲ್ಲಿನ ಜಾಹೀರಾತೆಂಬುದರಿಂದ ನಮಗೆ ಅದು ಪವಿತ್ರವಾಗಿ ತೋರುತ್ತದೆ. ಸಾವಿರ ವರ್ಷ ಉಳಿದರೆ ತಗಡಿನದೂ ಹಾಗೆಯೇ ತೋರೀತು.

ಆದರೆ ಆ ಜಾಹೀರಾತು ಬಿರುದಿಗಷ್ಟೇ ನಿಲ್ಲಲಿಲ್ಲ. ಬಳ್ಳಿಗಾವೆಯ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಮಾತು ಬರುತ್ತದೆ. ಗಳೆಯೆಂದರೆ ಭೂಮಿಯನ್ನು ಅಳೆಯುವ ಕೋಲು. ಸೀಮೆಸೀಮೆಗೂ ಒಂದೊಂದು ಗಳೆಯಿದ್ದ ಆ ಕಾಲದಲ್ಲಿ, ಇಂತಹ ದೇವರಿಗೆ, ಇಂತಹ ಮಠಕ್ಕೆ ಇಷ್ಟು ಮತ್ತರು ಗದ್ದೆಯನ್ನು ಭೇರುಂಡ ಗಳೆಯಿಂದ ಅಳೆದು ಕೊಟ್ಟೆವೆಂದು ಬರೆಯಿಸಿದರೆ ಮುಂದೆ ಜಗಳಕ್ಕೆ ಎಡೆಯಿರುತ್ತಿರಲಿಲ್ಲ. ಇದನ್ನು ಮೊದಲು ಓದಿದ ದಿನ ನನಗೆ ಆದ ಸಂತೋಷವು ಇಷ್ಟೆಂದು ಹೇಳಲಾರೆನು. ಲೋಕದಲ್ಲಿ ಎಲ್ಲಿಯೂ ಇಲ್ಲದ ಪಕ್ಷಿಯು, ಬೇಸಾಯಗಾರನ ಹೊಲದ ಬದುವಿನಲ್ಲಿ ನಿಂತು, ಇಷ್ಟು ನಿನ್ನದು, ಇಷ್ಟು ನೆರೆಯವನದು ಎಂದು ತೀರ್ಪನ್ನು ಹೇಳುತ್ತಿತ್ತು! ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಅಳತೆ. ಇದೇ ಊರಿನ ಕೋಡಿಯ ಮಠದಲ್ಲಿ ವಿದ್ಯೆಗೂ ಅನ್ನಕ್ಕೂ ರೋಗಿಗಳ ಆರೈಕೆಗೂ ಬಾಗಿಲು ತೆರೆದಿದ್ದಿತೆಂದು 1162ರ ಶಾಸನವು ವರ್ಣಿಸುತ್ತದೆ. ದಾನದ ಭೂಮಿಯ ಆಧಾರವಿಲ್ಲದೆ ಇಂತಹ ಮಠಗಳು ನಡೆಯುತ್ತಿರಲಿಲ್ಲ. ಭೂಮಿಯು ಗಳೆಯಿಲ್ಲದೆ ಗಟ್ಟಿಯಾಗುತ್ತಿರಲಿಲ್ಲ.

ಇನ್ನು ನನ್ನ ತಪ್ಪಿನ ವಿಚಾರ. ಆರು ವರ್ಷಗಳ ಹಿಂದೆ ವ್ಯಾಪಾರಿಗಳೊಬ್ಬರು ನನ್ನಲ್ಲಿಗೆ ಬಂದರು. ಮರದಲ್ಲಿ ಮಾಡಿಸಿದ ಗಂಡಭೇರುಂಡದ ಬೊಂಬೆಯನ್ನು ಅಂದವಾದ ಪೆಟ್ಟಿಗೆಯಲ್ಲಿಟ್ಟು ಪ್ರವಾಸಿಗರಿಗೂ, ಸಭೆಗಳಲ್ಲಿ ಸನ್ಮಾನಕ್ಕೂ ಮಾರುವುದು ಅವರ ಉದ್ದೇಶ. ಪೆಟ್ಟಿಗೆಯೊಳಗೆ ಇಡಲು ಒಂದು ಚೀಟಿಯ ಬರಹ ಬೇಕು. “ಮೇಷ್ಟ್ರೇ, ಓದಿದವರಿಗೆ ಮೈ ಜುಮ್ಮೆನ್ನಬೇಕು, ಇದು ನಮ್ಮದು, ಬೇರೆ ಯಾರದೂ ಅಲ್ಲ ಅನ್ನೋದು ಬರಬೇಕು” ಎಂದರು. ನಾನು ಬರೆದುಕೊಟ್ಟೆನು. ಜಗತ್ತಿನಲ್ಲಿ ಎರಡು ತಲೆಯ ಪಕ್ಷಿಯ ಕಲ್ಪನೆಯು ಮೊಟ್ಟಮೊದಲು ಮೂಡಿದ್ದು ನಮ್ಮ ಬನವಾಸಿ ನಾಡಿನಲ್ಲಿಯೇ, ಮಿಕ್ಕ ದೇಶದವರು ಅದನ್ನು ನಮ್ಮಿಂದ ಕಡ ತೆಗೆದುಕೊಂಡರು ಎಂದು ಮೊದಲನೆಯ ವಾಕ್ಯದಲ್ಲಿಯೇ ಘೋಷಿಸಿದೆನು. ಅವರು ಮೂರು ಸಾವಿರ ರೂಪಾಯಿಗಳನ್ನೂ ಒಂದು ಪೆಟ್ಟಿಗೆಯನ್ನೂ ಕೊಟ್ಟರು. ನಾನು ಎರಡನ್ನೂ ತೆಗೆದುಕೊಂಡೆನು.

ಆ ವಾಕ್ಯವು ಸುಳ್ಳೆಂದು ಬರೆಯುವಾಗಲೇ ನನಗೆ ತಿಳಿದಿತ್ತು. ತಕ್ಷಶಿಲೆಯ ಸಿರ್ಕಪ್ ಎಂಬ ಪಟ್ಟಣದ ಅವಶೇಷಗಳನ್ನು ಸರ್ ಜಾನ್ ಮಾರ್ಷಲ್ ಅವರು ಅಗೆಯಿಸಿದಾಗ, ಎರಡು ತಲೆಯ ಗರುಡನನ್ನು ಬಿಡಿಸಿದ ಒಂದು ಸ್ತೂಪದ ಪೀಠವು ದೊರೆಯಿತು. ಅದು ಕ್ರಿಸ್ತಶಕದ ಆದಿಭಾಗದ್ದು; ನಮ್ಮ ಕಂಬಕ್ಕಿಂತ ಸುಮಾರು ಒಂದು ಸಾವಿರ ವರ್ಷ ಹಳೆಯದು. ಅದಕ್ಕೂ ಸಾವಿರ ವರ್ಷಗಳ ಹಿಂದೆಯೇ ಇಂದಿನ ತುರ್ಕಿ ದೇಶದ ಅಲಜಾಹ್ಯೂಕ್ ಎಂಬಲ್ಲಿ ಹಿಟ್ಟೈಟರು ತಮ್ಮ ಕೋಟೆಯ ಬಾಗಿಲಲ್ಲಿ ಇಂತಹ ಪಕ್ಷಿಯನ್ನು ಕೆತ್ತಿದ್ದರು. ಆ ಪಕ್ಷಿಯ ಎರಡು ಕಾಲುಗಳಲ್ಲಿಯೂ ಒಂದೊಂದು ಮೊಲ ಸಿಕ್ಕಿಕೊಂಡಿದೆ. ಮುಂದೆ ಬೈಜಾಂಟಿಯಮ್ಮಿನ ಚಕ್ರವರ್ತಿಗಳು, ಜರ್ಮನಿಯ ಚಕ್ರವರ್ತಿಗಳು, ಹದಿನೈದನೆಯ ಶತಮಾನದ ಕೊನೆಯಲ್ಲಿ ರಷ್ಯದ ಅರಸರು ಎಲ್ಲರೂ ಅದನ್ನೇ ಮುದ್ರೆಯಾಗಿ ಹಿಡಿದರು. ಇವರಲ್ಲಿ ಯಾರು ಯಾರಿಂದ ಪಡೆದರು, ಯಾರಿಗೆ ಸ್ವತಂತ್ರವಾಗಿ ಹೊಳೆಯಿತು ಎಂಬುದನ್ನು ವಿದ್ವಾಂಸರು ಚರ್ಚಿಸಲಿ. ನಮ್ಮದು ಮೊಟ್ಟಮೊದಲನೆಯದಲ್ಲವೆಂಬುದಕ್ಕೆ ಚರ್ಚೆಯೇ ಬೇಕಾಗಿಲ್ಲ.

ಹಾಗಾದರೆ ನಮ್ಮದಲ್ಲವೆ? ಇಲ್ಲಿಯೇ ನಾವು ಸಾಮಾನ್ಯವಾಗಿ ಎಡವುವುದು. ಮೊದಲು ಹುಟ್ಟಿದ್ದು ಎಲ್ಲಿ ಎಂಬುದೂ, ಯಾರದು ಎಂಬುದೂ ಒಂದೇ ಪ್ರಶ್ನೆಯೆಂದು ಭಾವಿಸುತ್ತೇವೆ. ಮೆಣಸಿನಕಾಯಿಯು ಅಮೆರಿಕದಿಂದ ಬಂದದ್ದು. ಆದರೂ ಬ್ಯಾಡಗಿಯ ಮೆಣಸಿನಕಾಯಿಯು ಬ್ಯಾಡಗಿಯದೇ. ಎರಡು ತಲೆಗಳನ್ನು ಒಂದು ಮೈಗೆ ಸೇರಿಸುವ ಕಲ್ಪನೆಯು ಎಲ್ಲಿಂದಲಾದರೂ ಬಂದಿರಲಿ, ಅದನ್ನು ಬಿರುದಾಗಿ ಮಾಡಿ, ಈಶ್ವರನೆಂದು ಹೆಸರಿಟ್ಟು, ಹೊಲವನ್ನು ಅಳೆಯುವ ಕೆಲಸಕ್ಕೆ ಹಚ್ಚಿದ್ದು ಇಲ್ಲಿಯ ಜನ. ಬೇರೆಡೆಯ ಹದ್ದು ಸಾಮ್ರಾಜ್ಯದ ಮೇಲೆ ಕಣ್ಣಿಟ್ಟು ಕುಳಿತರೆ ನಮ್ಮದು ಆನೆಗಳನ್ನೇ ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಎತ್ತಿಕೊಂಡು ಹಾರಿತು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳಲ್ಲಿ ಅದನ್ನು ಹಾಗೆಯೇ ಕಾಣುತ್ತೇವೆ. ಇತ್ತ ಸಾಗರದ ಹತ್ತಿರ ಕೆಳದಿಯ ರಾಮೇಶ್ವರ ದೇವಾಲಯದ ಮಾಳಿಗೆಯಲ್ಲಿಯೂ ಅದರ ರೂಪವುಂಟು. ಬೇಲೂರಿನಲ್ಲಿ ಒಂದು ಸೊಗಸಾದ ಶಿಲ್ಪವಿದೆ: ಜಿಂಕೆಯನ್ನು ಹಾವು, ಹಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹೀಗೆ ಒಂದನ್ನೊಂದು ಹಿಡಿದಿರುವುದು. ಕನ್ನಡದ ಶಿಲ್ಪಿಯ ಹಾಸ್ಯಕ್ಕೂ ವೈರಾಗ್ಯಕ್ಕೂ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕೆ?

ಪುರಾಣದವರು ಇದಕ್ಕೆ ಮತ್ತೊಂದು ಕಥೆಯನ್ನು ಕಟ್ಟಿದ್ದಾರೆ. ನರಸಿಂಹನ ಕೋಪವನ್ನು ಇಳಿಸಲು ಶಿವನು ಶರಭನಾದನೆಂದು ಶೈವರು ಹೇಳಿದರು. ಆ ಶರಭನನ್ನು ಅಡಗಿಸಲು ನರಸಿಂಹನು ಗಂಡಭೇರುಂಡನಾದನೆಂದು ವೈಷ್ಣವರು ಉತ್ತರ ಕೊಟ್ಟರು. ಆದರೆ ನಮ್ಮ ಭೇರುಂಡನು ನಿಂತಿರುವುದು ಶಿವಾಲಯದ ಮುಂದೆ! ಬಳ್ಳಿಗಾವೆಯಲ್ಲಿ ಶೈವರು, ವೈಷ್ಣವರು, ಜೈನರು, ಬೌದ್ಧರು ನೆರೆಹೊರೆಯಲ್ಲಿದ್ದರೆಂಬುದಕ್ಕೆ ಶಾಸನಗಳ ಸಾಕ್ಷ್ಯವಿದೆ. ಪುರಾಣದ ಜಗಳಕ್ಕೆ ಅವರು ಹೆಚ್ಚಿನ ಬೆಲೆಯನ್ನು ಕೊಟ್ಟಂತೆ ಕಾಣುವುದಿಲ್ಲ.

ಪೆಟ್ಟಿಗೆಯ ಚೀಟಿಯು ಅಚ್ಚಾಗಿ ಎರಡು ವರ್ಷಗಳ ತರುವಾಯ ನಾನು ಸೊರಬಕ್ಕೆ ಒಂದು ಮದುವೆಗೆ ಹೋಗಿದ್ದೆನು. ಸುರಭಿಯೆಂಬ ದೇವಧೇನುವಿನಿಂದ ಸೊರಬಕ್ಕೆ ಆ ಹೆಸರು ಬಂದಿತೆಂದು ಸ್ಥಳಪುರಾಣವಿದೆ. ಸುರಭಿಯೆಂದರೆ ಸುವಾಸನೆಯೂ ಹೌದು. ಶ್ರೀಗಂಧದ ಕೆತ್ತನೆಗೆ ಹೆಸರಾದ ಊರಿಗೆ ಈ ಶ್ಲೇಷೆಯು ಒಪ್ಪುತ್ತದೆ. ಅಲ್ಲಿಯೂ ಸಾಗರದಲ್ಲಿಯೂ ಇರುವ ಗುಡಿಗಾರರ ಕೈಕೆಲಸವನ್ನು ನಮ್ಮ ಜಿಲ್ಲೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಮದುವೆಯ ಬಾಸಿಂಗದಿಂದ ಹಿಡಿದು ಅರಮನೆಯ ಕರಂಡಕದವರೆಗೆ ಅವರ ಉಳಿಯು ಮಾಡದ ಕೆಲಸವಿಲ್ಲ. ಮದುವೆಯ ಮನೆಯಲ್ಲಿ ನನ್ನ ಪಕ್ಕದಲ್ಲಿ ಊಟಕ್ಕೆ ಕುಳಿತವರು ಒಬ್ಬ ಹಿರಿಯ ಗುಡಿಗಾರರು. ಮಾತು ಮಾತಿಗೆ ಬಂದು ನಾನಾರೆಂದು ತಿಳಿದ ಮೇಲೆ ಅವರು ನಗುತ್ತಲೇ ಹೇಳಿದರು: “ಓಹೋ, ಪೆಟ್ಟಿಗೆಯೊಳಗಿನ ಮೇಷ್ಟ್ರು ನೀವೇ ಏನು! ಓದಿದೆ. ಚೆನ್ನಾಗಿ ಬರೆದಿದ್ದೀರಿ. ಚಾವುಂಡರಾಯನ ಹೆಸರು ಉಂಟು, ಬನವಾಸಿ ಹೆಸರು ಉಂಟು, ವ್ಯಾಪಾರದವರ ಹೆಸರು ಉಂಟು, ಕೊನೆಗೆ ನಿಮ್ಮ ಹೆಸರೂ ಉಂಟು. ಕೆತ್ತಿದವನೊಬ್ಬನದು ಇಲ್ಲ.”

ನಾನು ಏನನ್ನು ಹೇಳಲಿ? ಆ ಬೊಂಬೆಯ ಮೊದಲ ಮಾದರಿಯನ್ನು ಅವರ ಮನೆಯಲ್ಲಿಯೇ ಶಿವನೆಯ ಮರದಲ್ಲಿ ಮಾಡಿದ್ದರಂತೆ. ಅನಂತರ ವ್ಯಾಪಾರಿಗಳು ಆ ಮಾದರಿಯನ್ನು ಬೇರೆ ಊರಿಗೆ ಕಳುಹಿಸಿ, ಯಂತ್ರದಲ್ಲಿ ಕೊರೆಯಿಸಿ, ನೂರಾರು ತರಿಸಿಕೊಂಡರಂತೆ. ಮಾದರಿಗೆ ಹದಿನೆಂಟು ದಿವಸ ಹಿಡಿಯಿತೆಂದು ಅವರು ಹೇಳಿದರು. ಅದಕ್ಕೆ ಅವರಿಗೆ ಬಂದ ಕೂಲಿಯು, ಅರ್ಧ ದಿವಸದಲ್ಲಿ ಬರೆದ ಸುಳ್ಳಿಗೆ ನನಗೆ ಬಂದ ಸಂಭಾವನೆಗಿಂತ ಬಹಳ ಹೆಚ್ಚೇನೂ ಆಗಿರಲಿಲ್ಲ. ಅವರು ಈ ಮಾತನ್ನು ದೂರಾಗಿ ಆಡಲಿಲ್ಲ. ಹೋಳಿಗೆಯ ಮೇಲೆ ತುಪ್ಪವನ್ನು ಹಾಕಿಸಿಕೊಳ್ಳುತ್ತಾ ಆಡಿದರು. ನನಗೆ ಮಾತ್ರ ಆ ಊಟವು ಸೇರಲಿಲ್ಲ.

ಅಂದಿನಿಂದ ಈ ಪ್ರಶ್ನೆಯು ನನ್ನನ್ನು ಕಾಡುತ್ತಿದೆ. ಇಲ್ಲದ ಪ್ರಾಣಿಯನ್ನು ಮಾರುವುದರಲ್ಲಿ ಯಾರಿಗಾದರೂ ಅನ್ಯಾಯವಾಗುತ್ತದೆಯೆ? ಆನೆಯ ದಂತವನ್ನು ಮಾರಿದರೆ ಆನೆಗೆ ಅನ್ಯಾಯ. ಅದಕ್ಕಾಗಿ ಕಾನೂನು ಬಂದಿತು, ದಂತದ ಕೆತ್ತನೆಯು ನಿಂತಿತು, ಅದು ಸರಿಯೇ. ಭೇರುಂಡಕ್ಕೆ ದಂತವಿಲ್ಲ, ಪ್ರಾಣವಿಲ್ಲ, ನೋವಿಲ್ಲ. ಎಷ್ಟು ಮಾರಿದರೂ ಮುಗಿಯುವುದಿಲ್ಲ. ಒಬ್ಬನು ಅದನ್ನು ಬರೆದುಕೊಂಡರೆ ಮತ್ತೊಬ್ಬನಿಗೆ ಕಡಿಮೆಯಾಗುವುದಿಲ್ಲ. ಹಾಗಿರುವಾಗ ಮಾರಾಟದ ವಿಷಯದಲ್ಲಿ ನಮಗೇಕೆ ಕಸಿವಿಸಿ?

ಮಾರಾಟವೇ ಪಾಪವೆಂದು ಹೇಳುವವರ ಪಂಕ್ತಿಯಲ್ಲಿ ನಾನು ಕುಳಿತುಕೊಳ್ಳಲಾರೆನು. ಬಸ್ಸಿನ ಮೇಲೆ ಆ ಚಿತ್ರವಿಲ್ಲದಿದ್ದರೆ ಆ ಹುಡುಗಿಯು ಕಂಬದ ಕಡೆಗೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿ ನಾನು ಎಷ್ಟು ಮಕ್ಕಳಿಗೆ ಭೇರುಂಡನ ಗುರುತನ್ನು ಹಿಡಿಸಿದೆನೋ ಅದಕ್ಕಿಂತ ಹೆಚ್ಚು ಮಕ್ಕಳಿಗೆ ಆ ಬಸ್ಸುಗಳು ಹಿಡಿಸಿವೆ. ಮೈಸೂರಿನ ಒಡೆಯರು ಅದನ್ನು ಲಾಂಛನವಾಗಿ ಹಿಡಿದರು. ರಾಜ್ಯವು ಪ್ರಜೆಗಳದಾದ ಮೇಲೆಯೂ ಅದು ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ಉಳಿಯಿತು. ಅದರ ಎರಡು ಪಕ್ಕಗಳಲ್ಲಿಯೂ ಆನೆಯ ತಲೆ ಸಿಂಹದ ಮೈಯುಳ್ಳ ಶರಭಗಳು ನಿಂತಿವೆ. ಬೇಲೂರಿನಲ್ಲಿ ತನ್ನನ್ನು ನುಂಗಿದವನಿಗೇ ಶರಭನು ವಿಧಾನಸೌಧದಲ್ಲಿ ದ್ವಾರಪಾಲಕನಾಗಿ ನಿಂತಿರುವುದನ್ನು ನೋಡಿದರೆ, ರಾಜಕೀಯದಲ್ಲಿ ಶಾಶ್ವತ ಶತ್ರುಗಳಿಲ್ಲವೆಂಬ ಮಾತಿಗೆ ಪುರಾಣದ ಆಧಾರವೂ ದೊರೆತಂತಾಯಿತು.

ಆ ಶರಭನಿಗೆ ಮತ್ತೊಂದು ಉದ್ಯೋಗವೂ ಉಂಟು. 1918ರಿಂದ ತಯಾರಾಗುತ್ತಿರುವ ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿರುವ ಗುರುತು ಅವನದೇ. ನಾಲ್ವಡಿ ಕೃಷ್ಣರಾಜ ಒಡೆಯರೂ ವಿಶ್ವೇಶ್ವರಯ್ಯನವರೂ ಆಸಕ್ತಿ ವಹಿಸಿ ಬೆಳೆಸಿದ ಉದ್ಯಮವದು. ಸೋಸಲೆ ಗರಳಪುರಿ ಶಾಸ್ತ್ರಿಗಳು ಅದರ ರಸಾಯನವನ್ನು ಸಾಧಿಸಿದವರು. ಶಿವಮೊಗ್ಗದಲ್ಲಿಯೂ 1944ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯಾಯಿತು. ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ, ರಾಜವೃಕ್ಷವೆಂದು ಸಾರಲ್ಪಟ್ಟ ಗಂಧದ ಮರವು 2001ರ ಕಾನೂನಿನ ತಿದ್ದುಪಡಿಯವರೆಗೂ ಅದು ಬೆಳೆದ ಹೊಲದ ಒಡೆಯನದಾಗಿರಲಿಲ್ಲ. ಗಂಧದ ಕೊರಡಿಗಾಗಿ ಗುಡಿಗಾರರು ಸರ್ಕಾರದ ಕೋಠಿಯ ಕಡೆಗೇ ನೋಡಬೇಕಾಗಿತ್ತು. ಮರವು ಅಪರೂಪವಾದಂತೆ ಬೆಲೆಯು ಏರಿತು. ಉಳಿಯು ಶಿವನೆಯ ಕಡೆಗೆ ತಿರುಗಿತು. 2025ರಲ್ಲಿ ಆ ಸಾಬೂನಿನ ಪ್ರಚಾರಕ್ಕೆಂದು ಚಿತ್ರನಟಿಯೊಬ್ಬರನ್ನು ಎರಡು ವರ್ಷಗಳ ಅವಧಿಗೆ 6.2 ಕೋಟಿ ರೂಪಾಯಿಗಳಿಗೆ ಗೊತ್ತುಮಾಡಿಕೊಂಡಾಗ ನಾಡಿನಲ್ಲಿ ದೊಡ್ಡ ಕೋಲಾಹಲವಾಯಿತು: ಕನ್ನಡದ ನಟಿಯನ್ನು ಏಕೆ ಆರಿಸಲಿಲ್ಲವೆಂದು. ಕೇಳತಕ್ಕ ಪ್ರಶ್ನೆಯೇ. ಆದರೆ ಆ ಕೋಲಾಹಲದಲ್ಲಿ ಸೊರಬದ ಗಂಧದ ಉಳಿಗಳ ಹೆಸರನ್ನು ಯಾರೂ ಎತ್ತಿದ್ದನ್ನು ನಾನು ಕೇಳಲಿಲ್ಲ.

ಬಸ್ಸಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ಕೇರಳದ ಸಾರಿಗೆ ಸಂಸ್ಥೆಗೂ ನಮ್ಮದಕ್ಕೂ ಇಂಗ್ಲಿಷಿನ ಐದು ಅಕ್ಷರಗಳ ಹ್ರಸ್ವನಾಮವು ಒಂದೇ ಆಗಿದ್ದುದರಿಂದ, ಅದು ಯಾರದೆಂದು ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. 2021ರಲ್ಲಿ ಈ ಸುದ್ದಿಯು ಮನೆಮನೆಯ ಮಾತಾಯಿತು. ಆಗ ನಮ್ಮ ನಿಗಮದವರು, 1973ರಿಂದ ಬಳಕೆಯಲ್ಲಿರುವ ಆ ಅಕ್ಷರಗಳಿಗೂ ಗಂಡಭೇರುಂಡದ ಚಿತ್ರಕ್ಕೂ ತಮಗೆ ವ್ಯಾಪಾರಮುದ್ರೆಯ ನೋಂದಣಿಯಾಗಿದೆಯೆಂದು ತಿಳಿಸಿದರು. 2023ರ ಡಿಸೆಂಬರಿನಲ್ಲಿ ಮದರಾಸಿನ ಹೈಕೋರ್ಟು ಕೇರಳದ ಅರ್ಜಿಯನ್ನು ವಜಾ ಮಾಡಿತು. ನಾವೆಲ್ಲರೂ ಹಿಗ್ಗಿದೆವು. ನೋಂದಣಿಯಾದದ್ದು ಒಂದು ಚಿತ್ರವೇ ಹೊರತು ಪಕ್ಷಿಯಲ್ಲ. ಕಾನೂನು ಅಷ್ಟು ವಿವೇಕವನ್ನು ಇಟ್ಟುಕೊಂಡಿದೆ. ಪುರಾತನವಾದ ರೂಪವು ಯಾರೊಬ್ಬರ ಸ್ವತ್ತೂ ಆಗಲಾರದು. ಸರ್ಕಾರದ ಲಾಂಛನವನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಕೂಡದೆಂಬ 1950ರ ಕಾನೂನು ಕೂಡ ಆ ಲಾಂಛನಕ್ಕೆ ಮಾತ್ರ ಅನ್ವಯಿಸತಕ್ಕದ್ದು. ಹೀಗೆ ಕಾನೂನಿನ ಮಟ್ಟಿಗೆ ಆ ವ್ಯಾಪಾರಿಯೂ ತಪ್ಪಿತಸ್ಥರಲ್ಲ, ನಾನೂ ಅಲ್ಲ. ಕಾನೂನು ನಮ್ಮನ್ನು ಬಿಟ್ಟುಬಿಟ್ಟಿತೆಂಬುದರಿಂದಲೇ ವಿಚಾರವು ನೀತಿಯ ಬಾಗಿಲಿಗೆ ಬರುತ್ತದೆ.

ಇದರಲ್ಲಿ ನಾನು ಕಂಡುಕೊಂಡದ್ದು ಇಷ್ಟು. ‘ನಮ್ಮದು’ ಎಂಬ ಮಾತನ್ನು ನಾವು ಹೊರಗಿನವರ ಎದುರಿಗೆ ಬಹಳ ಗಟ್ಟಿಯಾಗಿ ಹೇಳುತ್ತೇವೆ. ಹಿಟ್ಟೈಟರದಲ್ಲ, ರಷ್ಯದವರದಲ್ಲ, ಕೇರಳದವರದಲ್ಲ, ನಮ್ಮದು. ಆದರೆ ಬಾಗಿಲನ್ನು ಮುಚ್ಚಿ ಮನೆಯೊಳಗೆ ಕುಳಿತು, ಈ ‘ನಾವು’ ಎಂಬುದರಲ್ಲಿ ಯಾರು ಯಾರು ಸೇರಿದ್ದಾರೆ, ಯಾರಿಗೆ ಎಷ್ಟು ಪಾಲು ಎಂದು ಕೇಳುವ ಹೊತ್ತಿಗೆ ಧ್ವನಿಯು ಇಳಿಯುತ್ತದೆ. ನನ್ನ ಚೀಟಿಯಲ್ಲಿ ನಡೆದದ್ದೂ ಅದೇ. ಮೊದಲನೆಯ ವಾಕ್ಯದಲ್ಲಿ ದೂರದವರಿಗೆ ಸಲ್ಲಬೇಕಾದುದನ್ನು ಕಿತ್ತುಕೊಂಡೆನು. ಕೊನೆಯ ವಾಕ್ಯದಲ್ಲಿ ಹತ್ತಿರದವರಿಗೆ ಸಲ್ಲಬೇಕಾದುದನ್ನು ಮರೆತೆನು. ಮೊದಲನೆಯದನ್ನು ಮಾಡಿದುದರಿಂದಲೇ ಎರಡನೆಯದು ಅಷ್ಟು ಸುಲಭವಾಯಿತು. ನಾಡಿನದು ಎಂದು ಒಮ್ಮೆ ಹೇಳಿಬಿಟ್ಟರೆ ಒಬ್ಬ ಮನುಷ್ಯನ ಹದಿನೆಂಟು ದಿವಸದ ದುಡಿಮೆಗೆ ಬೇರೆಯಾಗಿ ಹೆಸರನ್ನು ಹೇಳಬೇಕೆಂದು ತೋರುವುದೇ ಇಲ್ಲ.

ಇದಕ್ಕೆ ಒಂದು ಸಮಾಧಾನವನ್ನು ಹೇಳುವವರು ಉಂಟು. ನಿಗಮದ ಲಾಭವು ಸರ್ಕಾರಕ್ಕೆ, ಸರ್ಕಾರದ ಹಣವು ಪ್ರಜೆಗಳಿಗೆ. ಗುಡಿಗಾರನೂ ಪ್ರಜೆಯೇ ಅಲ್ಲವೆ ಎಂದು. ಪಂಚತಂತ್ರದಲ್ಲಿ ಭಾರುಂಡವೆಂಬ ಎರಡು ತಲೆಯ ಪಕ್ಷಿಯ ಕಥೆಯಿದೆ. ವಾಚಕರು ಬಾಲ್ಯದಲ್ಲಿ ಕೇಳಿಯೇ ಇರುತ್ತಾರೆ. ಒಂದು ತಲೆಗೆ ಅಮೃತದಂತಹ ಹಣ್ಣು ಸಿಕ್ಕಿತು. ಮತ್ತೊಂದು ತಲೆಯು ತನಗೂ ಸ್ವಲ್ಪ ಕೊಡೆಂದು ಕೇಳಿತು. ಹೇಗೂ ಹೊಟ್ಟೆಯೊಂದೇ, ಯಾವ ಬಾಯಿ ತಿಂದರೇನು ಎಂದು ಮೊದಲನೆಯದು ಉತ್ತರ ಕೊಟ್ಟಿತು. ತರ್ಕದಲ್ಲಿ ದೋಷವಿಲ್ಲ. ಆದರೆ ರುಚಿಯೆಂಬುದು ಹೊಟ್ಟೆಯಲ್ಲಿರುವುದಿಲ್ಲ, ನಾಲಗೆಯಲ್ಲಿರುತ್ತದೆ. ಎರಡನೆಯ ತಲೆಯು ಕೇಳಿದ್ದು ರುಚಿಯನ್ನು. ಮುಂದೆ ಅದು ರೋಷದಿಂದ ವಿಷದ ಹಣ್ಣನ್ನು ತಿಂದು ಎರಡೂ ಸತ್ತವು. ನನ್ನ ಗುಡಿಗಾರ ಮಿತ್ರರು ವಿಷವನ್ನೇನೂ ತಿನ್ನಲಿಲ್ಲ. ಅವರ ಮಗನು ಉಳಿಯನ್ನು ಬಿಟ್ಟು ಬೆಂಗಳೂರಿನಲ್ಲಿ ಸರಕು ಹಂಚುವ ಕೆಲಸಕ್ಕೆ ಸೇರಿದನು, ಅಷ್ಟೆ.

ಇನ್ನೊಂದು ಮಾತಿದೆ. ನಿಜವಾದ ಪ್ರಾಣಿಗೂ ಕಲ್ಪಿತ ಪ್ರಾಣಿಗೂ ಇರುವ ಭೇದವನ್ನು ನಾನು ಮೊದಲು ತಲೆಕೆಳಗಾಗಿ ತಿಳಿದಿದ್ದೆನು. ನಾವು ಮರೆತರೂ ಆನೆಯು ಕಾಡಿನಲ್ಲಿರುತ್ತದೆ. ಚಂದ್ರಗುತ್ತಿಯ ಬೆಟ್ಟದ ಸುತ್ತಿನ ಕಾಡಿನಲ್ಲಿ ಓಡಾಡುವ ಕಾಡುಕೋಣಕ್ಕೆ ನಮ್ಮ ನೆನಪಿನ ಅವಶ್ಯಕತೆಯಿಲ್ಲ. ಭೇರುಂಡನಿಗೆ ಮಾತ್ರ ಕಾಡಿಲ್ಲ. ಅವನು ಇರುವುದು ಕಥೆ ಹೇಳುವವರ ಬಾಯಲ್ಲಿ, ಕೆತ್ತುವವರ ಕೈಯಲ್ಲಿ. ಕೊಕ್ಕು ಎಷ್ಟು ಬಾಗಬೇಕು, ಎರಡು ಕುತ್ತಿಗೆಗಳು ಎದೆಯಲ್ಲಿ ಸೇರುವೆಡೆಯಲ್ಲಿ ಗರಿಯು ಹೇಗೆ ಹೊರಳಬೇಕು ಎಂಬುದು ಆ ಕೈಗಳಿಗೆ ಗೊತ್ತು. ಯಂತ್ರದ ಬೊಂಬೆಯಲ್ಲಿ ನೋಡಿದರೆ ಆ ಎಡೆಯು ಮೊಂಡಾಗಿ ನುಣುಪಾಗಿರುತ್ತದೆ. ಉಳಿಯು ಎಲ್ಲಿ ತಿರುಗಬೇಕೆಂದು ಯಂತ್ರಕ್ಕೆ ಹೇಳಿದವರಿಲ್ಲ. ಇಂತಹ ಪ್ರಾಣಿಯ ವಾಸಸ್ಥಾನವನ್ನು ಕಡಿಯುವುದಕ್ಕೆ ಕೊಡಲಿಯು ಬೇಕಾಗಿಲ್ಲ, ಕೆತ್ತುವವನ ಮಗನನ್ನು ಬೇರೆ ಕೆಲಸಕ್ಕೆ ಕಳುಹಿಸಿದರೆ ಸಾಕು. ಅಂದಮೇಲೆ, ಇಲ್ಲದ ಪ್ರಾಣಿಗೆ ಅನ್ಯಾಯವಾಗಲಾರದೆಂಬ ಮಾತನ್ನು ನಾನು ಈಗ ಅಷ್ಟು ಧೈರ್ಯವಾಗಿ ಹೇಳಲಾರೆನು.

ಇದನ್ನೆಲ್ಲ ಕೇಳಿ ನನ್ನ ಸ್ನೇಹಿತರೊಬ್ಬರು, “ಚಾವುಂಡರಾಯನ ಕಂಬವನ್ನು ಕಡೆದವನ ಹೆಸರು ನಿಮಗೆ ಗೊತ್ತೇನು? ಅವನಿಗೆ ಇಲ್ಲದ ಹೆಸರು ಇವರಿಗೇಕೆ?” ಎಂದು ಕೇಳಿದರು. ಒಳ್ಳೆಯ ಆಕ್ಷೇಪಣೆ; ನಾನು ಬಹಳ ಹೊತ್ತು ಸುಮ್ಮನಿದ್ದೆನು. ಆದರೆ ಬಳ್ಳಿಗಾವೆಯ ದಾಸೋಜನು ಬೇಲೂರಿಗೆ ಹೋಗಿ ತನ್ನ ಶಿಲ್ಪಗಳ ಕೆಳಗೆ ತನ್ನ ಹೆಸರನ್ನೂ ಊರನ್ನೂ ಕೊರೆದಿದ್ದಾನೆ. ಅವನ ಮಗ ಚಾವಣನೂ ಹಾಗೆಯೇ ಮಾಡಿದ್ದಾನೆ. ಹೊಯ್ಸಳ ವಿಷ್ಣುವರ್ಧನನು ಅದನ್ನು ಅಳಿಸಿಹಾಕಿಸಲಿಲ್ಲ. ಎಂಟು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅರಸನ ದೇವಾಲಯದಲ್ಲಿ ನಮ್ಮ ಊರಿನ ಕಲ್ಲುಕುಟಿಗನಿಗೆ ಸಿಕ್ಕ ಜಾಗವು ಇಂದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕದೆ ಹೋಯಿತೆಂದರೆ ಅದಕ್ಕೆ ಕಾಲವನ್ನು ದೂರಿ ಪ್ರಯೋಜನವಿಲ್ಲ.

ಆ ಹುಡುಗಿಯ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರವು ಬಹಳ ಚಿಕ್ಕದು. ಮೊದಲು ಇದಕ್ಕೆ ಮನುಷ್ಯರ ಕಾಲೇ ಇತ್ತು, ಆಮೇಲೆ ಪೂರ್ತಿ ಹಕ್ಕಿಯಾಯಿತು ಎಂದೆನು. “ಹಾಗಾದರೆ ಆ ಮನುಷ್ಯ ಎಲ್ಲಿಗೆ ಹೋದ?” ಎಂದು ಅದು ಮತ್ತೆ ಕೇಳಿತು. ಅಷ್ಟರಲ್ಲಿ ಅದರ ತಾಯಿಯು ಬಿಸಿಲಾಯಿತೆಂದು ಕರೆದಳು.

ಊರಿಗೆ ಬಂದ ವಾರದಲ್ಲಿಯೇ ನಾನು ಆ ವ್ಯಾಪಾರಿಗಳಿಗೆ ಕಾಗದ ಬರೆದು, ಚೀಟಿಯ ಬರಹವನ್ನು ತಿದ್ದಿ ಕಳುಹಿಸಿದೆನು. ಮೊದಲನೆಯ ವಾಕ್ಯವನ್ನು ತೆಗೆದು ಭೇರುಂಡ ಗಳೆಯ ವಿಚಾರವನ್ನು ಸೇರಿಸಿದೆನು. ಕೊನೆಯಲ್ಲಿ ಮಾದರಿಯನ್ನು ಕೆತ್ತಿದವರ ಹೆಸರನ್ನೂ ಊರನ್ನೂ, ಅವರ ಒಪ್ಪಿಗೆಯನ್ನು ಪಡೆದು, ಬರೆದೆನು. ಮೂರು ಸಾವಿರ ರೂಪಾಯಿಗಳನ್ನು ಹಿಂದಿರುಗಿಸುವೆನೆಂದೂ ತಿಳಿಸಿದೆನು. ಅವರು ಸಜ್ಜನರು, ಹಣವು ಬೇಡವೆಂದರು. ಹೊಸ ಅಚ್ಚಿನಲ್ಲಿ ಮೊದಲನೆಯ ವಾಕ್ಯವು ಹೋಗಿದೆ, ಗಳೆಯ ವಿಚಾರವು ಬಂದಿದೆ. ಹೆಸರು ಮಾತ್ರ ಬಂದಿಲ್ಲ. ಚೀಟಿಯಲ್ಲಿ ಜಾಗ ಸಾಲಲಿಲ್ಲವೆಂದು ಉತ್ತರ ಬರೆದಿದ್ದಾರೆ. ಅದರ ಕೆಳಭಾಗದಲ್ಲಿ, ಬೆಲೆಯನ್ನು ಅಚ್ಚುಹಾಕಿರುವ ಸ್ಥಳದ ಪಕ್ಕದಲ್ಲಿ, ಎರಡು ಸಾಲಿಗೆ ಆಗುವಷ್ಟು ಜಾಗವಿದೆ. ನಾನು ಅಳೆದು ನೋಡಿದ್ದೇನೆ. ಮತ್ತೊಮ್ಮೆ ಕಾಗದ ಬರೆದಿದ್ದೇನೆ.